ಮನೆಗಳಿವೆ, ಒಲೆ ಉರಿಯುವುದಿಲ್ಲ

ಸಂಜೆ ಐದರ ಹೊತ್ತಿಗೆ ಹನೂರಿನ ಬಸ್ ನಿಲ್ದಾಣದಲ್ಲಿ ಕಾಲೇಜು ಮುಗಿಸಿ ಬಂದ ಹುಡುಗರು ತಮ್ಮೂರಿನ ಬಸ್ಸಿಗೆ ಕಾಯುತ್ತಾ ಕೂತಿರುತ್ತಾರೆ. ಒಂದೇ ಬೆಂಚಿನ ಮೇಲೆ ನಾಲ್ವರು. ಭುಜಕ್ಕೆ ಭುಜ ತಾಗಿದೆ, ಫೋನು ಅಡ್ಡ ತಿರುಗಿದೆ, ತಲೆ ತಗ್ಗಿದೆ. ‘ಮರದ್ ಹಿಂದ್ಗಡೆ ಒಬ್ಬ ಅವ್ನೆ ಕಣ್ಲಾ’ ಅನ್ನುತ್ತಾನೆ ಒಬ್ಬ. ‘ನಾ ನಾಕ್ ಆದೆ, ಬಂದು ಎತ್ಲಾ’ ಅಂತ ಇನ್ನೊಬ್ಬ ಕೂಗುತ್ತಾನೆ. ‘ಬತ್ತಿನಿ ಇರು, ಸ್ಮೋಕ್ ಹಾಕ್ತಿನಿ’ ಎಂದು ಮೂರನೆಯವನು ಫೋನನ್ನು ಒಂದಿಷ್ಟು ಓರೆ ಮಾಡುತ್ತಾನೆ. ಮಲೆ ಮಹದೇಶ್ವರ ಬೆಟ್ಟದ ಬಸ್ಸು ಬಂದು, ನಿಂತು, ಜನ ಹತ್ತಿ, ಹೊರಟೂ ಹೋಗುತ್ತದೆ. ನಾಲ್ವರಲ್ಲಿ ಒಬ್ಬನೂ ತಲೆ ಎತ್ತುವುದಿಲ್ಲ.

ಅವರು ಆಡುತ್ತಿರುವುದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಹೆಸರು ಬದಲಾಗಿ ವರ್ಷಗಳೇ ಆದರೂ ಹುಡುಗರ ಬಾಯಲ್ಲಿ ಅದು ಈಗಲೂ ಪಬ್‌ಜಿ. ಪಬ್‌ಜಿ ಮೊಬೈಲ್ 2018ರಲ್ಲಿ ಬಂತು. ಚೀನಾದೊಂದಿಗಿನ ಗಾಲ್ವಾನ್ ಸಂಘರ್ಷದ ಬೆನ್ನಲ್ಲೇ, 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಸೇರಿತ್ತು. ದಕ್ಷಿಣ ಕೊರಿಯಾದ ಕ್ರಾಫ್ಟನ್ ಕಂಪನಿ 2021ರ ಜುಲೈ 2ರಂದು ಅದನ್ನೇ ಭಾರತಕ್ಕೆಂದು ಹೊಸ ಹೆಸರಿನಲ್ಲಿ ತಂದಿತು. 2022ರ ಜುಲೈ ಕೊನೆಯಲ್ಲಿ ಸರ್ಕಾರ ಅದನ್ನೂ ತೆಗೆಸಿತು. 2023ರ ಮೇ ಕೊನೆಗೆ ಮತ್ತೆ ಬಂತು. ಮೊದಲ ಒಂದೇ ವರ್ಷದಲ್ಲಿ 10 ಕೋಟಿ ಜನ ಇದರಲ್ಲಿ ಹೆಸರು ನೋಂದಾಯಿಸಿದ್ದರೆಂದು ಕಂಪನಿಯೇ ಹೇಳಿಕೊಂಡಿತ್ತು.

ಇಷ್ಟು ಜನ ಆಡುವ ಆಟವನ್ನು ‘ಹಾಳು ಚಟ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಬೆಂಚಿನ ಪಕ್ಕದಲ್ಲಿ ನಿಂತ ಹಿರಿಯರು ಹೇಳುವುದೂ ಅದನ್ನೇ. ಆದರೆ ಅವರಲ್ಲಿ ಯಾರೂ ಆ ಪರದೆಯೊಳಗೆ ಏನಿದೆ ಎಂದು ಬಗ್ಗಿ ನೋಡಿದವರಲ್ಲ. ನೋಡಬೇಕು. ಅದರ ಒಳ್ಳೆಯದು ಕಾಣದವರಿಗೆ ಕೊರತೆಯೂ ಸರಿಯಾಗಿ ಕಾಣುವುದಿಲ್ಲ.

ಆಟದ ಕಟ್ಟಡ ಗಟ್ಟಿಯಾಗಿದೆ. ವಿಮಾನದಿಂದ ನೂರು ಮಂದಿ ಬರಿಗೈಯಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುತ್ತಾರೆ. ಕೆಳಗೆ ಎರಂಗಲ್ ಎಂಬ ದ್ವೀಪ, ಎಂಟು ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಬಂದೂಕು, ಗುಂಡು, ಹೆಲ್ಮೆಟ್ಟು, ಬ್ಯಾಂಡೇಜು ಎಲ್ಲವನ್ನೂ ಪಾಳುಮನೆಗಳಲ್ಲಿ ಹುಡುಕಿಕೊಳ್ಳಬೇಕು. ಆಡುವ ಜಾಗ ಸುತ್ತಲಿಂದ ಕುಗ್ಗುತ್ತಾ ಬಂದು, ಅರ್ಧ ಗಂಟೆಯೊಳಗೆ ಉಳಿದವರೆಲ್ಲ ಒಂದು ಬಯಲಿನಲ್ಲಿ ಮುಖಾಮುಖಿಯಾಗುತ್ತಾರೆ. ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ಐರ್ಲೆಂಡ್ ಮೂಲದ ಬ್ರೆಂಡನ್ ಗ್ರೀನ್ ಕಟ್ಟಿಕೊಟ್ಟ ಈ ಚೌಕಟ್ಟನ್ನು ಆಮೇಲೆ ಬಂದ ಎಷ್ಟೋ ಆಟಗಳು ಎತ್ತಿಕೊಂಡಿವೆ.

ಇಲ್ಲಿ ಗೆಲ್ಲುವವನು ಬರೀ ಬೆರಳು ಚುರುಕಿರುವವನಲ್ಲ. ನೆಲ ಓದಲು ಬರಬೇಕು. ದಿಬ್ಬದ ನೆತ್ತಿಯ ಮೇಲೆ ನಿಂತವನ ಆಕೃತಿ ಆಕಾಶಕ್ಕೆ ಎದ್ದು ಕಾಣುತ್ತದೆ, ಅದಕ್ಕೇ ನೆತ್ತಿಗಿಂತ ಒಂದು ಮಾರು ಕೆಳಗೆ ಮಲಗಬೇಕು ಎಂಬುದು ಆ ಹುಡುಗರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಇಯರ್‌ಫೋನಿನಲ್ಲಿ ಹೆಜ್ಜೆ ಸದ್ದು ಎಡಕ್ಕೆ ಬಂತೋ ಬಲಕ್ಕೆ ಬಂತೋ, ಮರದ ಹಲಗೆಯ ಮೇಲೋ ಹುಲ್ಲಿನ ಮೇಲೋ ಎಂದು ಗುರುತಿಸುತ್ತಾರೆ. ದೂರ ಹೋದಷ್ಟೂ ಗುಂಡು ಕೆಳಗಿಳಿಯುತ್ತದೆ, ಅದಕ್ಕೆ ಗುರಿಯನ್ನು ಒಂದು ಕೂದಲಷ್ಟು ಮೇಲಿಡಬೇಕು. ಫೋನಿನೊಳಗಿನ ಗೈರೋಸ್ಕೋಪ್ ಕೈಯ ಸಣ್ಣ ಓಲಾಟವನ್ನೂ ಹಿಡಿಯುವುದರಿಂದ ಉಸಿರು ಬಿಗಿಹಿಡಿದು ಗುರಿ ಇಡುವುದನ್ನು ಕಾಣಬಹುದು. ಬೆರಳ ತುದಿಯಷ್ಟು ಜಾಗದಲ್ಲಿ ಇಷ್ಟೆಲ್ಲ ತುಂಬಿಸಿರುವುದು ದೊಡ್ಡ ಕಸುಬು.

ಅದಕ್ಕಿಂತ ಹೆಚ್ಚಿನದು ಜೊತೆಗಾರಿಕೆ. ಗುಂಡು ತಗುಲಿದವನು ಕೂಡಲೇ ಸಾಯುವುದಿಲ್ಲ, ತೆವಳುತ್ತಿರುತ್ತಾನೆ. ತಂಡದವನು ಹತ್ತಿರ ಬಂದು ಮಂಡಿಯೂರಿ ಎತ್ತಿದರೆ ಬದುಕುತ್ತಾನೆ. ಹಾಗೆ ಎತ್ತುವಾಗ ಎತ್ತುವವನ ಕೈಯಲ್ಲಿ ಬಂದೂಕಿರುವುದಿಲ್ಲ, ಯಾರು ಬೇಕಾದರೂ ಹೊಡೆಯಬಹುದು. ಆದರೂ ಹೋಗುತ್ತಾರೆ. ಸಿಕ್ಕ ಗುಂಡಿನಲ್ಲಿ ಅರ್ಧ ಹಂಚಿಕೊಳ್ಳುತ್ತಾರೆ. ಬೀಸು ಕಂಸಾಳೆ ಕುಣಿತ ಕಲಿತವರಿಗೆ ಇದು ಹೊಸದಲ್ಲ. ಪಕ್ಕದವನ ಕೈ ಈಗ ಎಲ್ಲಿದೆ ಎಂದು ನೋಡದೆಯೇ ತಿಳಿಯದಿದ್ದರೆ ಕಂಚಿನ ತಾಳ ಹಣೆಗೆ ಬಡಿಯುತ್ತದೆ. ಬೆಂಚಿನ ಮೇಲಿನ ನಾಲ್ವರಿಗೆ ಆ ತಿಳಿವಳಿಕೆ ಇದೆ. ಮನೆಯಲ್ಲಿ ನಾಲ್ಕು ಮಾತಾಡದ ಹುಡುಗ ಇಲ್ಲಿ ತಂಡ ನಡೆಸುತ್ತಾನೆ. ಇದನ್ನು ಗುಣ ಎಂದು ಒಪ್ಪಿಕೊಳ್ಳಬೇಕು.

ಇನ್ನು ಕೊರತೆ.

ಎರಂಗಲ್‌ನಲ್ಲಿ ಸತ್ತವನ ಹೆಣ ಉಳಿಯುವುದಿಲ್ಲ. ಅವನು ಬಿದ್ದ ಜಾಗದಲ್ಲಿ ಒಂದು ಪೆಟ್ಟಿಗೆ ಮೂಡುತ್ತದೆ. ಅದರೊಳಗೆ ಅವನ ಬಂದೂಕು, ಗುಂಡು, ಔಷಧಿ. ಕೊಂದವನು ಓಡಿ ಬಂದು ಬೇಕಾದ್ದನ್ನು ಆರಿಸಿಕೊಳ್ಳುತ್ತಾನೆ. ಭಾರತದ ಆವೃತ್ತಿಯಲ್ಲಿ ‘ಕಿಲ್’ ಎಂಬ ಪದವನ್ನು ‘ಫಿನಿಶ್’ ಎಂದು ಬದಲಿಸಿದರು, ರಕ್ತಕ್ಕೆ ಹಸಿರು ಬಣ್ಣ ಕೊಟ್ಟರು, ಇದು ನಿಜ ಪ್ರಪಂಚವಲ್ಲ ಎಂಬ ಎಚ್ಚರಿಕೆಯನ್ನೂ ಸೇರಿಸಿದರು. ಪೆಟ್ಟಿಗೆ ಹಾಗೇ ಇದೆ.

ಇನ್ನೊಂದು ಮಾತು ಬಹಳ ಜನರ ಗಮನಕ್ಕೆ ಬಂದಿಲ್ಲ. ಆ ದ್ವೀಪದಲ್ಲಿ ಮನೆಗಳಿವೆ, ಶಾಲೆಯಿದೆ, ಆಸ್ಪತ್ರೆಯಿದೆ, ಹೊಲಗಳಿವೆ. ಊರಿನವರು ಮಾತ್ರ ಇಲ್ಲ. ಒಂದು ಮನೆಯಲ್ಲೂ ಒಲೆ ಉರಿಯುವುದಿಲ್ಲ, ಹಿತ್ತಲಲ್ಲಿ ದನ ಕಟ್ಟಿರುವುದಿಲ್ಲ, ಬಾಗಿಲು ತಳ್ಳಿ ಒಳನುಗ್ಗಿದರೆ ಮೂಲೆಯಲ್ಲಿ ಅಡಗಿ ಕೂತ ಮುದುಕಿಯಾಗಲಿ ಮಗುವಾಗಲಿ ಸಿಗುವುದಿಲ್ಲ. ಇರುವವರೆಲ್ಲ ಬಂದೂಕು ಹಿಡಿದವರೇ. ಯಾರನ್ನು ಹೊಡೆದರೂ ತಪ್ಪಾಗದಂತೆ ಜಾಗವನ್ನು ಮೊದಲೇ ತೆರವು ಮಾಡಿಟ್ಟಿದ್ದಾರೆ.

ಯಾವ ಊರಿನಲ್ಲಿ ಕೂತು ಆಡಿದರೂ ಇದು ಕೊರತೆಯೇ. ಹನೂರಿನಲ್ಲಿ ಕೂತು ಆಡುವಾಗ ಮನಸ್ಸಿಗೆ ಹೆಚ್ಚು ತಟ್ಟುತ್ತದೆ. ಆ ಬೆಂಚಿನ ಮುಂದಿನ ರಸ್ತೆ ಹಿಡಿದು ಬೆಟ್ಟದ ಕಡೆಗೆ ಹೊರಟರೆ ರಾಮಾಪುರ ಸಿಗುತ್ತದೆ. 1992ರ ಮೇ ತಿಂಗಳಲ್ಲಿ ಕಾಡುಗಳ್ಳ ವೀರಪ್ಪನ್‌ನ ತಂಡ ಅಲ್ಲಿನ ಪೊಲೀಸ್ ಠಾಣೆಗೆ ನುಗ್ಗಿ ಐವರು ಪೊಲೀಸರನ್ನು ಕೊಂದಿತು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಬಳಿ ಹೊಂಚು ಹಾಕಿ, ಎಸ್ಪಿ ಟಿ. ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಿದ್ದ ಸಿಬ್ಬಂದಿಯನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಏಪ್ರಿಲ್ 9ರಂದು ಪಾಲಾರ್ ಸಮೀಪ ನೆಲದಲ್ಲಿ ಹೂತಿಟ್ಟ ಬಾಂಬುಗಳು ಸಿಡಿದು 22 ಮಂದಿ ಸತ್ತರು. ಆ ದಿನ ತಂಡದ ಮುಂದಾಳಾಗಿದ್ದ ತಮಿಳುನಾಡಿನ ಪೊಲೀಸ್ ಅಧಿಕಾರಿ ಗೋಪಾಲಕೃಷ್ಣನ್ ಅವರಿಗೆ ಜನ ಸಿನಿಮಾ ನಾಯಕನ ಹೆಸರಿಟ್ಟು ‘ರ‍್ಯಾಂಬೋ’ ಎನ್ನುತ್ತಿದ್ದರು. ಅವರು ಉಳಿದದ್ದು ತೀವ್ರ ಗಾಯಗಳೊಂದಿಗೆ. ಅಂಥ ಗಾಯಕ್ಕೆ ಆಟದಲ್ಲಿ ಒಂದು ಫಸ್ಟ್ ಏಡ್ ಕಿಟ್ ಸಾಕು, ಕೆಲವೇ ಸೆಕೆಂಡುಗಳಲ್ಲಿ ಮುಕ್ಕಾಲು ಪಾಲು ಜೀವ ತುಂಬಿಕೊಳ್ಳುತ್ತದೆ.

ವೀರಪ್ಪನ್ ಸತ್ತದ್ದು 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪಾರಪಟ್ಟಿ ಬಳಿ. ಆ ಗುಂಡಿನ ಚಕಮಕಿ ಅರ್ಧ ಗಂಟೆಯೂ ನಡೆಯಲಿಲ್ಲ ಎಂದು ವರದಿಗಳು ಹೇಳುತ್ತವೆ. ಅದರ ಹಿಂದೆ ಎರಡು ರಾಜ್ಯಗಳ ವಿಶೇಷ ಕಾರ್ಯಪಡೆಗಳು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾಡು ಅಲೆದ ಕಥೆಯಿದೆ. ಯುದ್ಧದ ಮುಕ್ಕಾಲು ಮೂರು ವೀಸ ಕಾಯುವುದರಲ್ಲೇ ಕಳೆಯುತ್ತದೆ. ಆಟದ ಕ್ಯಾಮೆರಾ ಹಿಡಿಯುವುದು ಕೊನೆಯ ಆ ಅರ್ಧ ಗಂಟೆಯನ್ನು ಮಾತ್ರ.

ಮತ್ತು ಆ ಇಡೀ ಕಾಲದಲ್ಲಿ ಈ ಸೀಮೆಯಲ್ಲಿ ಊರಿನವರು ಇದ್ದರು. ಕಾಡಂಚಿನ ಹಾಡಿಯ ಸೋಲಿಗರು, ದನಗಾಹಿಗಳು, ಸೌದೆಗೆ ಹೋದ ಹೆಂಗಸರು ಎರಡು ಬಂದೂಕುಗಳ ನಡುವೆ ಬದುಕಿದರು. ರಾತ್ರಿ ಕಾಡಿನವರು ಬಂದು ಅಕ್ಕಿ ಕೇಳಿದರೆ ಕೊಡದಿರಲಾಗದು, ಕೊಟ್ಟರೆ ಹಗಲು ಪೊಲೀಸರು ಬಿಡರು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಬೆಟ್ಟದ ಸುತ್ತಲಿನವರು ಅದರ ಮುಂದೆ ಬಂದು ತಮಗಾದದ್ದನ್ನು ಹೇಳಿಕೊಂಡರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಸೂಚಿಸಿತು. ಈ ಜನರಿಗೆ ಪಬ್‌ಜಿಯಲ್ಲಿ ಜಾಗವಿಲ್ಲ, ಏಕೆಂದರೆ ಅವರು ಯಾವ ತಂಡಕ್ಕೂ ಸೇರಿದವರಲ್ಲ.

‘ಆಟ ಆಟವೇ, ಅದರಲ್ಲಿ ಇದನ್ನೆಲ್ಲ ಹುಡುಕುವುದೇಕೆ’ ಎಂದು ಕೇಳುವವರಿದ್ದಾರೆ. ಹುಡುಕಬಹುದೆಂದು ನಮ್ಮ ರಾಜ್ಯದಲ್ಲೇ ಒಂದು ಕಂಪನಿ ಮುಂದೆ ಬಂದಿತ್ತು. ಪಬ್‌ಜಿ ನಿಷೇಧವಾದ ಎರಡೇ ದಿನಕ್ಕೆ, 2020ರ ಸೆಪ್ಟೆಂಬರ್ 4ರಂದು, ನಟ ಅಕ್ಷಯ್ ಕುಮಾರ್ ‘ಫೌ-ಜಿ’ ಎಂಬ ಆಟವನ್ನು ಘೋಷಿಸಿದರು. ಕಟ್ಟುತ್ತಿದ್ದವರು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ನಿವ್ವಳ ಆದಾಯದ ಶೇ 20ರಷ್ಟನ್ನು ‘ಭಾರತ್ ಕೆ ವೀರ್’ ನಿಧಿಗೆ ಕೊಡುವುದಾಗಿಯೂ ಹೇಳಿದರು. 2021ರ ಗಣರಾಜ್ಯೋತ್ಸವದ ದಿನ ಆಟ ಬಿಡುಗಡೆಯಾಯಿತು. ಕಥೆ ನಡೆಯುವುದು ಗಾಲ್ವಾನ್ ಕಣಿವೆಯಲ್ಲಿ.

ಅದರಲ್ಲಿ ಮೊದಲಿಗೆ ಬಂದೂಕೇ ಇರಲಿಲ್ಲ. ಮುಷ್ಟಿ, ದೊಣ್ಣೆ, ಮುಳ್ಳಿನ ಗದೆ ಇಷ್ಟೇ. ಪಬ್‌ಜಿಯ ರುಚಿ ಹತ್ತಿದ್ದ ಹುಡುಗರು ಇದನ್ನೇ ದೊಡ್ಡ ಲೋಪವೆಂದು ಬೈದರು. ಆದರೆ ಅಲ್ಲಿ ಆಟ ಮಾಡಿದವರೇ ಸರಿ. 1996ರ ಭಾರತ-ಚೀನಾ ಒಪ್ಪಂದದಂತೆ ವಾಸ್ತವ ನಿಯಂತ್ರಣ ರೇಖೆಯ ಬಳಿ ಗುಂಡು ಹಾರಿಸುವಂತಿಲ್ಲ. 2020ರ ಜೂನ್ 15ರ ರಾತ್ರಿ ಕರ್ನಲ್ ಬಿ. ಸಂತೋಷ್ ಬಾಬು ಸೇರಿ 20 ಭಾರತೀಯ ಯೋಧರು ಹುತಾತ್ಮರಾದ ಆ ಹೋರಾಟ ನಡೆದದ್ದು ಕಲ್ಲು, ದೊಣ್ಣೆ, ಮೊಳೆ ಬಡಿದ ಸರಳುಗಳಿಂದ. ಫೌ-ಜಿಯಲ್ಲಿ ಆಯುಧ ಬಳಸಿದಷ್ಟೂ ಸವೆದು ಮುರಿಯುತ್ತದೆ, ದಣಿದ ಸೈನಿಕ ಬೆಂಕಿಯ ಪಕ್ಕ ಕೂತು ಚೇತರಿಸಿಕೊಳ್ಳಬೇಕು. ತಂಡದಿಂದ ಬೇರೆಯಾದ ಸೈನಿಕ ತನ್ನವರನ್ನು ಹುಡುಕಿ ಹೋಗುವುದೇ ಕಥೆ. ಇವೆಲ್ಲ ಯೋಚಿಸಿ ಮಾಡಿದ ಸಂಗತಿಗಳು.

ಸೋತದ್ದು ಕಸುಬಿನಲ್ಲಿ. ಇಕ್ಕಟ್ಟಿನ ದಾರಿ, ಅಲೆ ಅಲೆಯಾಗಿ ಬರುವ ಒಂದೇ ಮುಖದ ಶತ್ರುಗಳು, ಒತ್ತಿದ್ದೇ ಗುಂಡಿಯನ್ನು ಮತ್ತೆ ಮತ್ತೆ ಒತ್ತುವುದು. ಅರ್ಧ ಗಂಟೆ ಆಡಿದ ಮೇಲೆ ನೋಡಲು ಹೊಸದೇನೂ ಉಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅಲ್ಲಿ ಚಳಿಯೇ ಇಲ್ಲ. ಗಾಲ್ವಾನ್‌ನಲ್ಲಿ ತೀವ್ರವಾಗಿ ಗಾಯಗೊಂಡಿದ್ದ 17 ಯೋಧರು ಆ ಎತ್ತರದ ಶೂನ್ಯಕ್ಕಿಂತ ಕೆಳಗಿನ ಚಳಿಗೆ ಸಿಕ್ಕಿ ಅಸುನೀಗಿದರೆಂದು ಸೇನೆಯೇ ಮರುದಿನ ಪ್ರಕಟಣೆಯಲ್ಲಿ ತಿಳಿಸಿತ್ತು. ಆ ಒಂದು ಸಾಲನ್ನು ಹಿಡಿದು ಆಟ ಕಟ್ಟಿದ್ದರೆ, ಬೆಂಕಿಯಿಂದ ದೂರ ಸರಿದಷ್ಟೂ ಕೈ ಮರಗಟ್ಟುವಂತೆ ಮಾಡಿದ್ದರೆ, ಗಾಯಾಳು ಜೊತೆಗಾರನನ್ನು ಬೆಳಗಾಗುವವರೆಗೆ ಬೆಚ್ಚಗಿಡುವುದೇ ಗೆಲುವು ಎಂದಿದ್ದರೆ, ಆಡಿದ ಹುಡುಗನಿಗೆ ಗಾಲ್ವಾನ್ ಏನೆಂದು ಮೈಯಲ್ಲೇ ತಿಳಿಯುತ್ತಿತ್ತು. ಆಗಿದ್ದೇ ಬೇರೆ. 2021ರ ಜೂನ್‌ನಲ್ಲಿ ಬಂದೂಕು ಹಿಡಿದು ತಂಡ ತಂಡ ಹೊಡೆದಾಡುವ ಭಾಗವನ್ನು ಸೇರಿಸಿದರು. 2025ರ ಜನವರಿಯಲ್ಲಿ ಅದೇ ಹೆಸರಿನ ಮುಂದುವರಿಕೆಯಾಗಿ ಬಂದ ‘ಫೌ-ಜಿ: ಡಾಮಿನೇಷನ್’ ಪೂರ್ತಿ ಶೂಟಿಂಗ್ ಆಟ. ಹೀಗೆ ಕಸುಬಿದ್ದ ಆಟಕ್ಕೆ ಹೇಳಲು ಕಥೆಯಿಲ್ಲ, ಕಥೆಯಿದ್ದ ಆಟಕ್ಕೆ ಕಸುಬು ಸಾಲಲಿಲ್ಲ.

ಚಟದ ಮಾತನ್ನು ಹಾರಿಸಿ ಹೋಗುವಂತಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ, ಮೊಬೈಲ್ ಆಟ ಬಿಡು ಎಂದ ತಂದೆಯನ್ನು ಮಗನೇ ಕೊಂದ ಸುದ್ದಿ ಓದಿ ನಾಡು ನಡುಗಿತ್ತು. ಒಂದು ಪ್ರಕರಣ ಹಿಡಿದು ಕೋಟ್ಯಂತರ ಮಂದಿಯನ್ನು ಅಳೆಯುವುದು ನ್ಯಾಯವಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಆಟದ ಗೀಳನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹಿಡಿತ ತಪ್ಪುವುದು, ಊಟ-ಓದು-ನಿದ್ದೆಗಿಂತ ಆಟವೇ ಮೇಲಾಗುವುದು, ಕೆಡುಕು ಕಣ್ಣಿಗೆ ಕಂಡರೂ ನಿಲ್ಲಿಸಲಾಗದಿರುವುದು, ಇದೆಲ್ಲ ಸಾಮಾನ್ಯವಾಗಿ ವರ್ಷದಷ್ಟು ಕಾಲ ಕಂಡರೆ ಅದು ಕಾಯಿಲೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ ‘ಶಟ್’ ಎಂಬ ಕ್ಲಿನಿಕ್ ತೆರೆದಿದೆ.

ಕಂಪನಿ ಹಾಕಿದ ಬೇಲಿ ಏನು? 18 ವರ್ಷದೊಳಗಿನವರು ದಿನಕ್ಕೆ ಮೂರು ಗಂಟೆ ಮಾತ್ರ ಆಡಬಹುದು, ಪೋಷಕರ ಫೋನಿಗೆ ಹೋಗುವ ಒಟಿಪಿ ಕೊಟ್ಟರಷ್ಟೇ ಬಾಗಿಲು ತೆರೆಯುತ್ತದೆ. ಬೆಟ್ಟದ ಸೀಮೆಯ ಎಷ್ಟೋ ಮನೆಗಳಲ್ಲಿ ಇರುವುದೇ ಒಂದು ಸ್ಮಾರ್ಟ್‌ಫೋನು. ಆಟವೂ ಅದರಲ್ಲೇ, ಒಟಿಪಿಯೂ ಅದಕ್ಕೇ. ಬಂದ ಸಂದೇಶವನ್ನು ಅಪ್ಪನಿಗೆ ಓದಿ ಹೇಳುವವನು ಮಗನೇ. ಇನ್ನು ದಿನಕ್ಕೆ ಮೂರು ಗಂಟೆ ಎಂದರೆ ವಾರಕ್ಕೆ 21 ಗಂಟೆ. ಚೀನಾ 2021ರಲ್ಲಿ ತನ್ನ ಮಕ್ಕಳಿಗೆ ಗೊತ್ತುಪಡಿಸಿದ್ದು ವಾರಕ್ಕೆ ಮೂರು ಗಂಟೆ. ಅಷ್ಟು ಬಿಗಿ ನಮಗೆ ಬೇಡವಿರಬಹುದು, ಇಷ್ಟು ಸಡಿಲವಂತೂ ಸಲ್ಲದು. ಹಣದ್ದೂ ಇದೇ ಪಾಡು. ಆಟ ಬಿಟ್ಟಿ, ಬಂದೂಕಿನ ಮೇಲಿನ ಬಣ್ಣಕ್ಕೆ ಕಾಸು. ಏನು ಸಿಗುತ್ತದೆಂದು ಮೊದಲೇ ತಿಳಿಯದ ಪೆಟ್ಟಿಗೆಗಳನ್ನು ದುಡ್ಡು ಕೊಟ್ಟು ತೆರೆಯಬೇಕು. ಇಂಥ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧವೆಂದು ಬೆಲ್ಜಿಯಂ 2018ರಲ್ಲೇ ಹೇಳಿತು. ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ನಿಷೇಧಿಸಿದೆ. ಈ ಪೆಟ್ಟಿಗೆಗಳ ಮೇಲೂ ಕಣ್ಣಿಡುವ ಕಾಲ ಬಂದಿದೆ.

ಹಾಗಾದರೆ ಯುದ್ಧದ ಆಟವೇ ಬೇಡವೇ? ಬೇಕು. ಪೋಲೆಂಡಿನ ವಾರ್ಸಾದಲ್ಲಿ 11 ಬಿಟ್ ಸ್ಟುಡಿಯೋಸ್ 2014ರಲ್ಲಿ ‘ದಿಸ್ ವಾರ್ ಆಫ್ ಮೈನ್’ ಎಂಬ ಆಟ ಮಾಡಿತು. ಮರುವರ್ಷ ಅದು ಫೋನಿಗೂ ಬಂತು. 1990ರ ದಶಕದಲ್ಲಿ ಮುತ್ತಿಗೆಗೆ ಸಿಕ್ಕ ಸರಾಯೆವೊ ನಗರದ ಅನುಭವ ಅದಕ್ಕೆ ಪ್ರೇರಣೆ. ಅಲ್ಲಿ ಆಡುವವನು ಸೈನಿಕನಲ್ಲ, ಒಡೆದ ಮನೆಯಲ್ಲಿ ಉಳಿದುಕೊಂಡ ನಾಲ್ಕಾರು ಮಂದಿಯ ಹೊಣೆ ಹೊತ್ತವನು. ಹಗಲು ಹೊರಗೆ ಬಂದರೆ ಗುಂಡು. ರಾತ್ರಿ ಒಬ್ಬನನ್ನು ಆಹಾರ, ಔಷಧಿ ತರಲು ಕಳಿಸಬೇಕು. ಪಕ್ಕದ ಮನೆಯ ಮುದುಕ-ಮುದುಕಿಯ ಔಷಧಿ ಕದ್ದು ತಂದರೆ ತಂದವನೇ ಮಂಕಾಗಿ ಮೂಲೆ ಹಿಡಿಯುತ್ತಾನೆ. ಪೋಲೆಂಡ್ ಸರ್ಕಾರ ಈ ಆಟವನ್ನು ಶಾಲೆಗಳ ಓದಿನ ಪಟ್ಟಿಗೆ ಸೇರಿಸುವುದಾಗಿ 2020ರಲ್ಲಿ ಪ್ರಕಟಿಸಿತು. ಅಂಗೈಯ ಪರದೆಯಲ್ಲಿ ಒಲೆ ಉರಿಯುವ ಮನೆಯನ್ನೂ ತೋರಿಸಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕರ್ನಾಟಕಕ್ಕೆ ಕೈಚಳಕದ ಬಡತನವಿಲ್ಲ. ಭಾರತದ ಮೊದಲ ಆಟ ತಯಾರಿಕಾ ಸ್ಟುಡಿಯೋಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ರಾಜ್ಯ ಸರ್ಕಾರ ನೀತಿ ರೂಪಿಸಿದೆ. ಕಥೆಗಳ ಬಡತನ ಮೊದಲೇ ಇಲ್ಲ. ದೇವರಗುಡ್ಡರು ರಾತ್ರಿಯಿಡೀ ಹಾಡುವ, ಬೆಟ್ಟದ ದೇವರು ಮಾದಪ್ಪನ ಕಾವ್ಯದಲ್ಲಿ ದೊರೆ ಶ್ರವಣ ಮಡಿಯುವುದು ಕತ್ತಿಯಿಂದಲ್ಲ, ಅರಗಿನ ಪಾದರಕ್ಷೆಯ ಉಪಾಯದಿಂದ. ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಅರಣ್ಯ ಸೇವೆಯ (ಐಎಫ್ಎಸ್) ಅಧಿಕಾರಿ ಪಿ. ಶ್ರೀನಿವಾಸ್ ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲೇ ಜನರ ನಡುವೆ ಬೆರೆತು ಕೆಲಸ ಮಾಡಿದರು, ಅಲ್ಲಿ ಮಾರಿಯಮ್ಮನ ಗುಡಿ ಕಟ್ಟಿಸಿದರು. ವೀರಪ್ಪನ್‌ನ ತಮ್ಮ ಅರ್ಜುನನ್ ಶರಣಾಗುತ್ತಾನೆಂಬ ಮಾತು ನಂಬಿ 1991ರ ನವೆಂಬರ್ 10ರಂದು ಆಯುಧವಿಲ್ಲದೆ ಕಾಡಿಗೆ ಹೋದರು. ತಿರುಗಿ ಬರಲಿಲ್ಲ. ದೇಶ ಅವರಿಗೆ ಕೀರ್ತಿಚಕ್ರ ಕೊಟ್ಟಿತು. ಬಂದೂಕು ಕೆಳಗಿಟ್ಟು ಮಾತಿಗೆ ಹೋಗುವ ಮನುಷ್ಯನ ಧೈರ್ಯವನ್ನು ಆಡಿ ನೋಡುವಂಥ ಆಟವನ್ನು ಇಲ್ಲಿಯವರೆಗೆ ಯಾರೂ ಕನ್ನಡದಲ್ಲಿ ಮಾಡಿಲ್ಲ.

ಹನೂರಿನ ಬೆಂಚಿನ ಮೇಲಿನ ಹುಡುಗರು ಅದನ್ನು ಆಡಬಲ್ಲರು. ಜೊತೆಗಾರನನ್ನು ಎತ್ತಲು ಬಂದೂಕು ಬಿಟ್ಟು ಓಡುವುದು ಅವರಿಗೆ ಆಗಲೇ ಗೊತ್ತು. ಅಲ್ಲಿಯವರೆಗೆ, ಬಸ್ಸಿಗೆ ಕಾಯುವ ಹಿರಿಯರಲ್ಲಿ ಒಂದು ಬೇಡಿಕೆ. ಗದರುವ ಮೊದಲು ಒಂದು ಮ್ಯಾಚು ಮುಗಿಯುವವರೆಗೆ ಪಕ್ಕದಲ್ಲಿ ಕೂರಿ. ಆಮೇಲೆ ರಾಮಾಪುರದ ಠಾಣೆಯ ಮುಂದೆ ಬಸ್ಸು ಹಾದುಹೋಗುವಾಗ, ಆ ರಾತ್ರಿ ನೀವು ಎಲ್ಲಿದ್ದಿರಿ, ಮನೆಯಲ್ಲಿ ಯಾರು ಯಾರು ಎಚ್ಚರವಾಗಿದ್ದರು ಎಂದು ಆ ಹುಡುಗರಿಗೆ ಹೇಳಿ. ಆಟ ಕಟ್ಟುವ ಬೆಂಗಳೂರಿನ ಗೆಳೆಯರೂ ಒಮ್ಮೆ ಈ ಕಡೆ ಬರಲಿ. ರಾಜಧಾನಿಯಿಂದ ಬೆಟ್ಟಕ್ಕೆ ಸುಮಾರು 210 ಕಿಲೋಮೀಟರ್, ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ದಾಸೋಹದ ಊಟದ ಹೊತ್ತಿಗೆ ತಲುಪಬಹುದು.